ಸೀಮೆ ಕಾರು, ನಾಟಿ ಕಾರು

ನಮ್ಮ ಕಡೆ ಎಲ್ಲದಕ್ಕೂ ಎರಡೇ ಜಾತಿ. ಒಂದು ನಾಟಿ, ಇನ್ನೊಂದು ಸೀಮೆ. ನಾಟಿ ಹಸು, ಸೀಮೆ ಹಸು. ಬದನೇಕಾಯಿ, ಸೀಮೆಬದನೇಕಾಯಿ. ಹೊರಗಿನಿಂದ ಬಂದದ್ದು, ನೋಡಲು ನುಣ್ಣಗಿರುವುದು, ನೆಗಡಿಯಾದರೆ ಡಾಕ್ಟರನ್ನು ಕರೆಸಬೇಕಾದದ್ದು ಎಲ್ಲವೂ ಸೀಮೆ. ಹಾಗಾಗಿ ತೊಂಬತ್ತರ ದಶಕದ ಮೊದಲ ಭಾಗದಲ್ಲಿ ನಾನೊಂದು ಹಳೆಯ ಜಪಾನಿ ಕಾರನ್ನು ಶೀಳನೆರೆಯ ಅತ್ತೆ ಮನೆ ಮುಂದೆ ತಂದು ನಿಲ್ಲಿಸಿದಾಗ, ಅದಕ್ಕೆ ಹೆಸರಿಡಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಕಾರಿಗೆ ಒಂದು ಸುತ್ತು ಹಾಕಿ, "ಸೀಮೆ ಕಾರಾ ಅಳೀಮಯ್ಯ?" ಎಂದರು. ಹೌದು ಎಂದೆ. ಎದೆ ಉಬ್ಬಿಸಿಕೊಂಡೇ ಅಂದೆ.

ನಾನಾಗ ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮೇಷ್ಟ್ರಿಗೆ ಸೈಕಲ್ಲೇ ಜಾಸ್ತಿ ಅನ್ನುವ ಕಾಲ. ಗಲ್ಫಿನಲ್ಲಿ ಹತ್ತು ವರ್ಷ ದುಡಿದು ಬಂದ ಪರಿಚಯದ ಡಾಕ್ಟರೊಬ್ಬರು ಹಡಗಿನಲ್ಲಿ ಹೇರಿಸಿಕೊಂಡು ಬಂದಿದ್ದ ಕಾರು ಅದು. ಅವರಿಗೇ ಬೇಡವಾಗಿತ್ತು. ಯಾಕೆ ಬೇಡವಾಯಿತು ಎಂದು ಬುದ್ಧಿ ಇದ್ದವನಾದರೆ ಕೇಳುತ್ತಿದ್ದ. ನಾನು ಅದರ ಸೀಟಿನ ಪಕ್ಕದ ಒಂದು ಕಡ್ಡಿಯಂಥ ಲಿವರನ್ನು ಎಳೆದರೆ ಹಿಂದುಗಡೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಾನಾಗಿ ತೆರೆದುಕೊಳ್ಳುವುದನ್ನು ನೋಡಿಯೇ ಮರುಳಾಗಿ ಹೋದೆ. ಊರಿಗೆ ಹೋದಾಗಲೆಲ್ಲ ಅದನ್ನು ಎಳೆದು ಎಳೆದು ತೋರಿಸುತ್ತಿದ್ದೆ. ಅತ್ತೆಯಿಂದಲೂ ಎರಡು ಸಲ ಎಳೆಸಿದ್ದೆ.

ಅದರ ಸ್ಟೇರಿಂಗು ಎಡಗಡೆ ಇತ್ತು. ಅಲ್ಲಿಯ ದೇಶದಲ್ಲಿ ಹಾಗೆ. ಅದಕ್ಕಾಗಿ ಬಲಗಡೆಯ ಸೀಟಿನಲ್ಲಿ ಹೆಂಡತಿ ಕೂರಲೇಬೇಕಿತ್ತು. ಮುಂದೆ ಹೋಗುತ್ತಿರುವ ಕಬ್ಬಿನ ಗಾಡಿಯನ್ನು ಹಿಂದೆ ಹಾಕಬೇಕಾದರೆ ಅವಳು ಕಿಟಕಿಯಿಂದ ತಲೆ ಆಚೆ ಹಾಕಿ, "ಬಸ್ಸು ಬತ್ತಾ ಅದೆ, ಇರಿ... ಇರಿ... ಊಂ, ಈಗ ನುಗ್ಗಿ" ಎಂದು ಅಪ್ಪಣೆ ಕೊಡಬೇಕು. ಎದುರಿಗೆ ಬರುವವರಿಗೆ ಡ್ರೈವರ್ ಕೂರುವ ಜಾಗದಲ್ಲಿ ಒಬ್ಬ ಹೆಂಗಸು ಕೈಕಟ್ಟಿಕೊಂಡು ಕೂತಿರುವುದು ಕಾಣುತ್ತಿತ್ತು. ಎಷ್ಟೋ ಸೈಕಲ್ಲಿನವರು ಗದ್ದೆಗೆ ಇಳಿದದ್ದುಂಟು. ಮೇಷ್ಟ್ರು ಹೆಂಡತಿ ಸ್ಟೇರಿಂಗೇ ಮುಟ್ಟದೆ ಕಾರು ಓಡಿಸುತ್ತಾಳಂತೆ ಎಂದು ನಮ್ಮ ಬೀದಿಯಲ್ಲಿ ಕೆಲವು ದಿನ ಸುದ್ದಿಯೂ ಆಯಿತು.

ಅವಳ ಅಣ್ಣ, ಎಂದರೆ ನನ್ನ ಭಾವಮೈದ, ಕೆ.ಆರ್. ಪೇಟೆಯ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ. ದುಂಡು ಮೂತಿಯ, ಅಪ್ಪಟ ಸ್ವದೇಶಿ ಕಾರು. ಅವನ ಮದುವೆಗಿಂತ ಹಳೆಯದು. ದಿನಕ್ಕೊಂದು ಕಾಯಿಲೆ ಅದಕ್ಕೆ. ಆದರೆ ಯಾವ ಕಾಯಿಲೆಗೂ ಅವನು ಹೆದರುತ್ತಿರಲಿಲ್ಲ. ರೇಡಿಯೇಟರ್ ಸೋರಿದರೆ ಹತ್ತಿರದ ಮನೆಯಿಂದ ಅರಿಶಿನದ ಪುಡಿ ಇಸಕೊಂಡು ಸುರಿಯುತ್ತಿದ್ದ. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪನ್ನು ಮೆತ್ತುತ್ತಿದ್ದ. ಒಮ್ಮೆ ನಾಗಮಂಗಲದ ದಾರಿಯಲ್ಲಿ ನಾನೂ ಅದರಲ್ಲಿದ್ದೆ. ಗಡಗಡ ಎಂದು ಸದ್ದು ಮಾಡಿ ನಿಂತಿತು. ಅವನು ಇಳಿದು, ಬೇಲಿಯಿಂದ ಒಂದು ತುಂಡು ತಂತಿ ಕಿತ್ತು ಕೆಳಗೆ ನುಸುಳಿದ. ಕಾಲು ಗಂಟೆಯಲ್ಲಿ ಎದ್ದು ಬಂದು, "ಅತ್ತಿ ಮೇಷ್ಟ್ರೆ" ಎಂದ. ನಾಗಮಂಗಲದಲ್ಲಿ ಊಟದ ಹೊತ್ತಿಗೆ ಸರಿಯಾಗಿ ಇಳಿಸಿದ.

ನಾನು ಆ ಕಾಲು ಗಂಟೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ನಗಬೇಡಿ, ಅಂಥದೊಂದು ನೋಟ್‌ಬುಕ್ಕು ನನ್ನ ಹತ್ತಿರ ಇತ್ತು. ನಾಟಿ ಒಂದು ಕಡೆ, ಸೀಮೆ ಇನ್ನೊಂದು ಕಡೆ. ಯಾವ ಕಾರು ಎಷ್ಟು ಸಲ ನಿಂತಿತು, ಎಲ್ಲಿ, ಯಾಕೆ. ವಿಜ್ಞಾನದ ಮೇಷ್ಟ್ರಲ್ಲವೇ, ಪುರಾವೆ ಬೇಕಲ್ಲ. ಭಾವಮೈದನ ಕಾರು ಕೆಮ್ಮಿದರೂ ಅದು ಪುಸ್ತಕಕ್ಕೆ ಹತ್ತುತ್ತಿತ್ತು. ನನ್ನದು ಒಮ್ಮೆ ಶ್ರೀರಂಗಪಟ್ಟಣದ ಸೇತುವೆ ಮೇಲೆ ನಿಂತು, ಹಿಂದೆ ಪಟ್ಟಣದ ಅರ್ಧ ಬಸ್ಸುಗಳು ಸಾಲುಗಟ್ಟಿದಾಗ, "ರಸ್ತೆಯ ದೋಷ" ಎಂದು ಕೊನೆಯ ಪುಟದಲ್ಲಿ ಬರೆದು ಲೆಕ್ಕದಿಂದ ಬಿಟ್ಟಿದ್ದೆ. ಮತ್ತೊಮ್ಮೆ "ಹವಾಮಾನ" ಎಂದು ಬರೆದೆ. ಹೀಗೆ ಸೀಮೆಯ ಕಡೆಯ ಹಾಳೆ ವರ್ಷವಿಡೀ ಬೆಳ್ಳಗೆ ಉಳಿದಿತ್ತು.

ಈ ನನ್ನ ಹುಚ್ಚಾಟದ ಬಿಸಿ ತಟ್ಟಿದ್ದು ನಾದಿನಿಗೆ. ಹೆಂಡತಿಯ ತಂಗಿ ಅವಳು, ಮನೆಗೆ ಕಿರಿಯವಳು. ಟೀಚರ್ ಟ್ರೈನಿಂಗು ಮುಗಿಸಿ ವರ್ಷಗಳಾಗಿದ್ದವು. ಪ್ರತಿ ಸಲ ಅರ್ಜಿ ಹಾಕುವಳು, ಪ್ರತಿ ಸಲ ಸ್ವಲ್ಪದರಲ್ಲಿ ತಪ್ಪಿಹೋಗುತ್ತಿತ್ತು. ಅಷ್ಟರಲ್ಲಿ ಮನೆ ಜಗಲಿಯ ಮೇಲೆ ಊರ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದಳು. ಆ ವರ್ಷ ಸರ್ಕಾರಿ ಪ್ರೈಮರಿ ಶಾಲೆಯ ಕೆಲಸಕ್ಕೆ ಸಂದರ್ಶನದ ಪತ್ರ ಬಂತು. ಮಂಡ್ಯದಲ್ಲಿ, ಬೆಳಿಗ್ಗೆ ಹತ್ತಕ್ಕೆ. ಅದೇ ಕೊನೆ. ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿ ದಾಟಿಬಿಡುತ್ತಿತ್ತು. ಅವಳು ಪತ್ರವನ್ನು ದೇವರ ಫೋಟೋದ ಹಿಂದೆ ಇಟ್ಟು, ದಿನಾ ಬೆಳಿಗ್ಗೆ ಅಲ್ಲೇ ಇದೆಯೇ ಎಂದು ತೆಗೆದು ನೋಡುತ್ತಿದ್ದಳಂತೆ.

ಹಿಂದಿನ ದಿನ ನಾವೆಲ್ಲ ಶೀಳನೆರೆಯಲ್ಲಿ ಸೇರಿದ್ದೆವು. ಸಂಜೆ ಮುದ್ದೆ ಊಟಕ್ಕೆ ಕೂತಾಗ ಭಾವಮೈದ, "ಬೆಳಿಗ್ಗೆ ನಾನೇ ಬುಟ್ಬುಟ್ಟು ಬತ್ತೀನಿ ಮಗಾನ" ಎಂದ. ನಾನು ಸುಮ್ಮನಿರಬಹುದಿತ್ತು.

"ನಿಮ್ಮ ಕಾರು ಮಂಡ್ಯ ಮುಟ್ಟೋ ಹೊತ್ತಿಗೆ ಇವಳು ರಿಟೈರ್ಡ್ ಆಗಿರ್ತಾಳೆ ಭಾವ" ಎಂದೆ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಾನು ನಕ್ಕೆ. ಭಾವಮೈದನೂ ನಕ್ಕು, "ಆಯ್ತು ಬುಡಿ ಮೇಷ್ಟ್ರೆ, ನಿಮ್ ಸೀಮೆ ಕಾರಲ್ಲೇ ಓಗ್ಲಿ. ನಂಗೂ ನಾಗಮಂಗ್ಲಕ್ಕೆ ಒಂದ್ ಮದ್ವೆ ಬಾಡ್ಗೆ ಕರೀತಾವ್ರೆ" ಎಂದ.

ನಾದಿನಿ ತಟ್ಟೆ ನೋಡಿಕೊಂಡೇ ಹೇಳಿದಳು: "ನಾನು ಆರೂವರೆ ಬಸ್ಸಿಗೆ ಒಂಟೋಯ್ತೀನಿ ಭಾವ. ನೀವ್ಯಾಕೆ ತೊಂದ್ರೆ ತಕತೀರಾ."

ತೊಂದರೆಯಂತೆ! ಮನೆ ಮುಂದೆ ಜಪಾನು ನಿಂತಿರುವಾಗ ಕೆಂಪು ಬಸ್ಸಿನಲ್ಲಿ ಹೋಗುವುದಂತೆ! ನನಗೆ ಎಷ್ಟು ಸಿಟ್ಟು ಬಂತೆಂದರೆ, ಬಸ್ಸಿನ ಬ್ರೇಕು, ಬಸ್ಸಿನ ಟೈರು, ಬಸ್ಸಿನ ಡ್ರೈವರಿನ ನಿದ್ದೆ ಎಲ್ಲವನ್ನೂ ಸೇರಿಸಿ ಅರ್ಧ ಗಂಟೆ ಪಾಠ ಮಾಡಿದೆ. ಪಾಪದ ಹುಡುಗಿ, ಕೊನೆಗೆ "ಆಯ್ತು ಭಾವ" ಎಂದಳು. ಅತ್ತೆ ಮಜ್ಜಿಗೆ ಬಡಿಸುತ್ತ, "ಕಾರಿಗೆ ಎಣ್ಣೆ ಅದಾ ಅಳೀಮಯ್ಯ?" ಎಂದು ಕೇಳಿದರು.

"ಸ್ವಲ್ಪ ಇದೆ ಅತ್ತೆ. ಪಾಂಡವಪುರದಲ್ಲಿ ಹಾಕಿಸ್ತೀನಿ" ಎಂದೆ. ಅಷ್ಟಕ್ಕೆ ನಿಲ್ಲಿಸುವ ಆಸಾಮಿಯೇ ನಾನು? "ಆದ್ರೆ ನಮ್ಮ ನಾಟಿ ಪೆಟ್ರೋಲು ಇದಕ್ಕೆ ಒಗ್ಗೋದಿಲ್ಲ ಅತ್ತೆ. ಸೀಮೆ ಕಾರಲ್ವಾ, ಇದರ ಹೊಟ್ಟೇನೇ ಬೇರೆ."

ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಅವರ ಕೊಟ್ಟಿಗೆಯಲ್ಲಿ ಒಂದು ನಾಟಿ ಹಸು, ಒಂದು ಸೀಮೆ ಹಸು ಇದ್ದವು. ನಾಟಿ ಹಸು ಬೇಲಿ ಮೇಲಿನ ಬಳ್ಳಿ ತಿಂದು ಬದುಕುತ್ತಿತ್ತು. ಸೀಮೆ ಹಸುವಿಗೆ ಹಿಂಡಿ, ಬೂಸಾ, ನೆನೆಸಿದ ಹತ್ತಿಬೀಜ, ಎಲ್ಲ ಬೇರೆಯೇ. ದನದ ಡಾಕ್ಟರು ಹೇಳಿದ ಮಾತಿಗೆ ಅವರು ಹೀಗೇ ತಲೆಯಾಡಿಸುತ್ತಿದ್ದರು.

ಬೆಳಿಗ್ಗೆ ಏಳಕ್ಕೆ ಹೊರಟೆವು. ನಾದಿನಿ ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ ಉಟ್ಟು, ಮಾರ್ಕ್ಸ್ ಕಾರ್ಡುಗಳ ಫೈಲನ್ನು ಎದೆಗೆ ಅವುಚಿಕೊಂಡು ಹಿಂದೆ ಕೂತಳು. ಹೆಂಡತಿ ತನ್ನ ಕಾವಲಿನ ಜಾಗದಲ್ಲಿ ಕೂತಳು. ಕೀಲಿ ತಿರುಗಿಸಿದೆ. ಪೆಟ್ರೋಲಿನ ಮುಳ್ಳು ಹಿಂದಿನ ದಿನ ಕೆಳಗೆ ಬಿದ್ದುಕೊಂಡಿತ್ತು, ಈಗ ನೋಡಿದರೆ ಮೇಲೆದ್ದು ನಿಂತಿದೆ! ಹೆಂಡತಿ, "ಇದೇನ್ರೀ, ರಾತ್ರಿಯೆಲ್ಲ ಮರಿ ಆಕ್ತಾ?" ಎಂದಳು.

"ಸೀಮೆ ಕಾರು ಕಣೇ. ಓಡಿ ಬಂದ ಮೇಲೆ ಸಮತಟ್ಟು ನೆಲದಲ್ಲಿ ವಿಶ್ರಾಂತಿ ತಗೊಂಡು ಆಮೇಲೆ ನಿಜ ತೋರಿಸುತ್ತೆ" ಎಂದೆ. ನಲವತ್ತು ಮಕ್ಕಳಿಗೆ ದ್ರವಗಳ ಗುಣ ಕಲಿಸುತ್ತಿದ್ದವನು ನಾನು. ಇಂಥ ಮಾತು ಬಾಯಿಂದ ಬಂತು, ಅದನ್ನು ನಾನೇ ನಂಬಿದೆ.

ಎರಡು ಮೈಲಿ ಹೋಗುವಷ್ಟರಲ್ಲಿ ಎಂಜಿನ್ನು ಟಕಟಕ ಎನ್ನತೊಡಗಿತು. ಹಿಂದೆ ಬೆಳ್ಳನೆಯ ಹೊಗೆ. ಹೆಂಡತಿ ತೋರಿಸಿದಳು. "ಚಳಿಗೆ ಹಂಗೆ" ಎಂದೆ. ನಾದಿನಿ ಮೂಗಿಗೆ ಸೆರಗು ಹಿಡಿದು, "ಸೀಮೆಎಣ್ಣೆ ವಾಸ್ನೆ ಬತ್ತಾ ಅದೆ ಭಾವ" ಎಂದಳು. ಮುಂದೊಂದು ಟ್ರ್ಯಾಕ್ಟರ್ ಹೋಗುತ್ತಿತ್ತು, ಅದರ ಕಡೆ ಬೆರಳು ತೋರಿಸಿ ಕಿಟಕಿ ಏರಿಸಿಕೊಳ್ಳಲು ಹೇಳಿದೆ. ಕಾರು ಮುಗ್ಗರಿಸುತ್ತ, ತೇಕುತ್ತ ಕ್ಯಾತನಹಳ್ಳಿ ಹತ್ತಿರದ ಕಬ್ಬಿನ ಗದ್ದೆಗಳ ನಡುವೆ ಬಂತು. ಹಾಗೇ ಮೆಲ್ಲಗೆ ಓಡಿಸಿಕೊಂಡು ಹೋಗಿದ್ದರೆ ಪಾಂಡವಪುರ ಮುಟ್ಟುತ್ತಿತ್ತೋ ಏನೋ. ನಾನು ನಿಲ್ಲಿಸಿದೆ. ನಿಲ್ಲಿಸಿ, ಕೀಲಿ ತಿರುಗಿಸಿ, ಎಂಜಿನ್ನನ್ನು ಆರಿಸಿದೆ. ಒಂದು ನಿಮಿಷ ಆರಿದರೆ ಸರಿಹೋಗುತ್ತದೆ ಎಂದು ತಜ್ಞನ ಹಾಗೆ ಹೇಳಿದೆ.

ಮತ್ತೆ ಅದು ಏಳಲಿಲ್ಲ.

ಬಾನೆಟ್ಟು ಎತ್ತಿದೆ. ಕಬ್ಬು ಕಡಿಯುತ್ತಿದ್ದವರು ನಾಲ್ಕೈದು ಜನ ಮಚ್ಚು ಹಿಡಿದುಕೊಂಡೇ ಬಂದು ಬಗ್ಗಿ ನೋಡಿದರು. ಒಳಗೆಲ್ಲ ಕಪ್ಪು ಪೈಪುಗಳು, ಮುಚ್ಚಳದ ಮೇಲೆ ಮುಚ್ಚಳ. ಅವರಲ್ಲಿ ಹಿರಿಯನೊಬ್ಬ, "ನಾಟಿ ಗಾಡಿ ಆಗಿದ್ರೆ ಏನಾರ ಒಂದು ಮಾಡ್ಬೋದಿತ್ತು ಸಾ. ಇದ್ರೊಳ್ಗೆ ಕೈ ಇಕ್ಕಕೂ ಜಾಗ ಮಡಗಿಲ್ವಲ್ಲ" ಎಂದು ಮರುಕಪಟ್ಟ. ತಳ್ಳಿದರು. ನೂರು ಗಜ ತಳ್ಳಿದರು. ಸೊಂಟ ಹಿಡಿದುಕೊಂಡು ನಿಂತರು. ಆರೂವರೆ ಬಸ್ಸು ಎಂದೋ ಮಂಡ್ಯದ ದಾರಿ ಹಿಡಿದಿತ್ತು. ಮುಂದಿನ ಬಸ್ಸು ಆ ದಿನ ಯಾಕೋ ಬರಲೇ ಇಲ್ಲ.

ನಾದಿನಿ ಗಡಿಯಾರ ನೋಡುತ್ತಿದ್ದಳು. ಎಂಟೂವರೆ. ಒಂಬತ್ತು. ಕೊನೆಗೆ ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರೊಂದು ಬಂತು. ಆಮೆಯ ನಡಿಗೆ. ಅವಳು ಆ ಗಂಜಿ ಸೀರೆಯಲ್ಲೇ ಡ್ರೈವರಿನ ಪಕ್ಕದ ಮಡ್‌ಗಾರ್ಡ್ ಹತ್ತಿ ಕೂತಳು, ಇನ್ನೊಂದು ಬದಿ ನನ್ನ ಹೆಂಡತಿ ಹತ್ತಿದಳು. ನಾನೂ ಹೋಗಬೇಕಿತ್ತು. ಆದರೆ ಕಾರಿನಲ್ಲಿ ಸೀಮೆಯ ಟೇಪ್‌ರೆಕಾರ್ಡರ್ ಇತ್ತು, ಯಾರಾದರೂ ಕಿತ್ತುಕೊಂಡು ಹೋದರೆ ಎಂದು ಹಿಂದೆ ಮುಂದೆ ನೋಡಿದೆ. ಹೆಂಡತಿಗೆ ಗೊತ್ತಾಯಿತು.

"ನೀವು ನಿಮ್ ಕಾರು ಕಾಯ್ಕೊಂಡು ಕೂತ್ಕೊಳಿ" ಎಂದಳು.

ಕಾದುಕೊಂಡು ಕೂತೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಪಾಂಡವಪುರದಲ್ಲಿ ಬಸ್ಸು ಹಿಡಿದು ಅವರು ಮಂಡ್ಯ ಮುಟ್ಟಿದಾಗ ಹನ್ನೆರಡಾಗಿತ್ತು. ಅವಳ ಹೆಸರನ್ನು ಮೂರು ಸಲ ಕೂಗಿ ಮುಂದಕ್ಕೆ ಹೋಗಿದ್ದರು. ಅವಳು ಕಾದಳು, ಕೇಳಿಕೊಂಡಳು. ಬಾರದವರ ಪಟ್ಟಿ ಆಗಲೇ ಮೇಲಕ್ಕೆ ಹೋಗಿದೆ, ನಿಯಮ ನಿಯಮವೇ ಎಂದರಂತೆ. ಮುಂದಿನ ವರ್ಷ ನೋಡಿ ಎಂದೂ ಹೇಳಿದರಂತೆ. ಅಷ್ಟರಲ್ಲಿ ನಾನೂ ಕಾರನ್ನು ಕಬ್ಬು ಕಡಿಯುವವರಿಗೆ ಒಪ್ಪಿಸಿ ಪಾಂಡವಪುರದ ನಮ್ಮ ಮನೆ ಸೇರಿದ್ದೆ. ಸಂಜೆ ಅಲ್ಲಿಗೆ ಬಂದವಳು ಫೈಲನ್ನು ಮೇಜಿನ ಮೇಲಿಟ್ಟು, ಕೈಕಾಲು ತೊಳೆದು, "ನೀವು ಊಟ ಮಾಡುದ್ರಾ ಭಾವ?" ಎಂದು ಕೇಳಿದಳು. ನಾಲ್ಕು ಬೈದಿದ್ದರೆ ನಾನು ಆರಾಮಾಗಿ ಇರುತ್ತಿದ್ದೆ.

ಮಾರನೆಯ ದಿನ ಭಾವಮೈದ ಬಂದ. ತನ್ನ ನಾಟಿ ಕಾರಿನ ಹಿಂದೆ ಹಗ್ಗ ಕಟ್ಟಿ ನನ್ನದನ್ನು ಎಳೆದುಕೊಂಡು ಶ್ರೀರಂಗಪಟ್ಟಣದ ಮೆಕ್ಯಾನಿಕ್ಕಿನ ಬಳಿಗೆ ಹೊರಟ. ಬೇರೆ ದಾರಿ ಇರಲಿಲ್ಲ, ಪಾಂಡವಪುರದ ಪೇಟೆಬೀದಿಯಲ್ಲೇ ಹೋಗಬೇಕು. ಸ್ಕೂಲಿಗೆ ಮಕ್ಕಳು ಹೋಗುವ ಸಮಯ. ನಾನು ಎಡಗಡೆ ಸ್ಟೇರಿಂಗು ಹಿಡಿದು ಕೂತಿದ್ದೆ. ಅಂದರೆ ಫುಟ್‌ಪಾತಿನ ಪಕ್ಕಕ್ಕೇ, ಎಲ್ಲರ ಕಣ್ಣಿಗೆ ಹತ್ತಿರದಲ್ಲೇ. "ಲೇ, ಮೇಷ್ಟ್ರ ಎಳ್ಕೊಂಡೋಯ್ತಾವ್ರೆ ಕಣ್ಲಾ!" ಎಂದು ಒಂಬತ್ತನೇ ಕ್ಲಾಸಿನ ಯಾರೋ ಕೂಗಿದ. ಕಾರನ್ನ ಅನ್ನಲಿಲ್ಲ, ನೋಡಿ. ಭಾವಮೈದ ಮಾತ್ರ ದಾರಿಯುದ್ದಕ್ಕೂ ಒಮ್ಮೆಯೂ ಹಿಂದಿರುಗಿ ನಗಲಿಲ್ಲ. ಅದೂ ನನಗೆ ಉರಿಯಿತು.

ಪಟ್ಟಣದ ಮೆಕ್ಯಾನಿಕ್ಕು ವಯಸ್ಸಾದ ಸಾಬರು. ಪೈಪು ಬಿಚ್ಚಿ, ಬೆರಳಿಗೆ ಒಂದು ತೊಟ್ಟು ಹಾಕಿಕೊಂಡು ಮೂಸಿ, "ಅರೆ ಮೇಷ್ಟ್ರೆ, ಕ್ಯಾ ಕಿಯಾ? ಇದು ಕಾರಾ, ಪಂಪ್ ಸ್ಟೌವಾ? ಟ್ಯಾಂಕಲ್ಲಿ ಅರ್ಧಕ್ಕರ್ಧ ಸೀಮೆಎಣ್ಣೆ ಇದೆ" ಎಂದರು.

ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕುಣಿಯುವಷ್ಟು ಸಂತೋಷವಾಯಿತು. ಕಾರಿನ ತಪ್ಪಿಲ್ಲ! ಒಂದು ಹುಡುಗಿಯ ಕೆಲಸ ಕೈತಪ್ಪಿ ಹೋಗಿತ್ತು, ನನಗೆ ಕಾರಿನ ಮಾನ ಉಳಿಯಿತಲ್ಲ ಎನ್ನುವ ಖುಷಿ. ಪೆಟ್ರೋಲ್ ಬಂಕಿನವರೇ ಕಲಬೆರಕೆ ಮಾಡಿದ್ದಾರೆ ಎಂದು ಅಲ್ಲೇ ತೀರ್ಮಾನ ಕೊಟ್ಟೆ. ಟ್ಯಾಂಕಿನಿಂದ ತೆಗೆದದ್ದನ್ನು ಒಂದು ಗಾಜಿನ ಸೀಸೆಯಲ್ಲಿ ಹಿಡಿಸಿಕೊಂಡೆ. ನೋಟ್‌ಬುಕ್ಕಿನಲ್ಲಿ "ನಾಟಿ ಪೆಟ್ರೋಲಿನ ದೋಷ" ಎಂದು ಬರೆದೆ. ಮುಂದಿನ ಒಂದು ತಿಂಗಳು ಆ ಸೀಸೆ ನನ್ನ ಬ್ಯಾಗಿನಲ್ಲೇ ಇತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರಿಂದಲೂ ಮೂಸಿಸಿದೆ. ಕ್ಷೌರದಂಗಡಿಯಲ್ಲಿ ಮೂಸಿಸಿದೆ. ಬಂಕಿನವರು ಮನೆದೇವರ ಮೇಲೆ ಆಣೆಯಿಟ್ಟರು, ನಾನು ಬಿಡಲಿಲ್ಲ. ನನ್ನನ್ನು ದೂರದಿಂದ ಕಂಡರೆ ಜನ ಮೂಗು ಮುಚ್ಚಿಕೊಂಡು ಬೇರೆ ಓಣಿ ಹಿಡಿಯುತ್ತಿದ್ದರು.

ನಾದಿನಿ ಅಷ್ಟರಲ್ಲಿ ನಾಗಮಂಗಲದ ಒಂದು ಚಿಕ್ಕ ಖಾಸಗಿ ಶಾಲೆಗೆ ಸೇರಿದ್ದಳು. ಒಂದು ಭಾನುವಾರ ಅವಳು ಊರಿಗೆ ಬಂದಿದ್ದಾಳೆಂದು ತಿಳಿದು, ಹೆಂಡತಿಯನ್ನು ಕರೆದುಕೊಂಡು ನಾನೂ ಶೀಳನೆರೆಗೆ ಹೋದೆ. ಅವಳನ್ನು ನೋಡಲು ಹೋದೆ ಎಂದುಕೊಂಡರೆ ನೀವು ನನ್ನನ್ನು ಇನ್ನೂ ಅರ್ಥ ಮಾಡಿಕೊಂಡಿಲ್ಲ. ಭಾವಮೈದ ಮನೆಯಲ್ಲಿರುವ ದಿನ ಅದು. ಸೀಸೆ ತೋರಿಸಬೇಕಿತ್ತು.

ಊಟವಾದ ಮೇಲೆ ಎಲ್ಲರೂ ಜಗಲಿಯಲ್ಲಿ ಕೂತರು. ನಾನು ಬ್ಯಾಗಿನಿಂದ ಸೀಸೆ ತೆಗೆದು, ಬಿರಡೆ ಬಿಚ್ಚಿ, ಭಾವಮೈದನ ಮೂಗಿನ ಬಳಿಗೆ ಹಿಡಿದು, "ಈಗ ಹೇಳಿ ಭಾವ, ಸೀಮೆ ಕಾರು ಯಾಕೆ ನಿಂತಿತು?" ಎಂದು ಶುರುಮಾಡಿದೆ. ಅವನು ಮೂಸಿ ಹುಬ್ಬು ಗಂಟು ಹಾಕಿದ. ಅತ್ತೆ ಎಲೆಅಡಿಕೆ ತಟ್ಟೆ ಹಿಡಿದು ಹೊರಗೆ ಬಂದವರು ಅಲ್ಲೇ ನಿಂತರು.

"ಇದ್ಯಾಕೆ ಅಳೀಮಯ್ಯ, ನಾನು ಉಯ್ದಿದ್ದ ಎಣ್ಣೆಯ ಈಚ್ಗೆ ತಗ್ಸ್‌ಬುಟ್ರಾ?"

ನನಗೆ ತಿಳಿಯಲಿಲ್ಲ. "ಯಾವ ಎಣ್ಣೆ ಅತ್ತೆ?"

"ಸೀಮೆಎಣ್ಣೆ. ನೀವೇ ಅಂದ್ರಲ್ಲ, ಸೀಮೆ ಕಾರಿಗೆ ನಾಟಿ ಪೆಟ್ರೋಲು ಒಗ್ಗಾಕಿಲ್ಲ ಅಂತವ. ಬೆಳಿಗ್ಗೆ ದನ ಕರೆಯಕೆ ಎದ್ದಾಗ, ಆ ಕಡ್ಡಿ ಎಳ್ದು ನಾನೇ ಉಯ್ದೆ." ಅವರು ತಟ್ಟೆ ಕೆಳಗಿಟ್ಟು ಕಂಬಕ್ಕೆ ಒರಗಿ ಕೂತರು. ಧ್ವನಿ ಸಣ್ಣದಾಯಿತು. "ಅವತ್ತಿಂದ ನಂಗೆ ಅದೇ ಸಂಕಟ ಕಣಪ್ಪ. ಯಾರ್ ತಾವ ಏಳ್ಲಿ? ರೇಶನ್ನಿಂದು ಎರಡು ಕ್ಯಾನ್ ಮಡಗಿದ್ದೆ. ಕರೆಂಟು ಓದ್ರೆ ಲಾಟೀನಿಗೆ ಬೇಕಾಯ್ತದೆ ಅಂತ ಒಂದೇ ಕ್ಯಾನ್ ಉಯ್ದು, ಇನ್ನೊಂದ ಮಡಿಕಂಡ್‌ಬುಟ್ಟೆ. ನನ್ ಜಿಪುಣ ಬುದ್ಧಿ. ಎರಡೂ ಉಯ್ದಿದ್ರೆ ಎಣ್ಣೆ ಮುಗೀತಿತ್ತಾ? ಮಗಾ ವತ್ತಿಗೆ ಸರ್ಯಾಗಿ ಮಂಡ್ಯ ಮುಟ್ಟಾದು. ಸರ್ಕಾರಿ ಮೇಡಂ ಆಗಾದು."

ಭಾವಮೈದ ಎಂಜಿನ್ನುಗಳ ಜೊತೆಯೇ ಬೆಳೆದವನು, ಅವನಿಗೆ ಪೂರ್ತಿ ಅರ್ಥವಾಗಿತ್ತು. ಜನ್ಮವಿಡೀ ನನ್ನನ್ನು ಆಡಿಕೊಂಡು ನಗುವಷ್ಟು ಸರಕು ಅವನ ಕೈಗೆ ಬಂದಿತ್ತು. ಅವನು ಚಪ್ಪಲಿಯ ತುದಿಯನ್ನು ನೋಡುತ್ತ ಕೂತ. ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಕೈಯಲ್ಲಿ ಸೀಸೆ ಇತ್ತು, ತಿಂಗಳಿಂದ ಹೊತ್ತು ತಿರುಗಿದ ಪುರಾವೆ. ಕಾರು ನಿರಪರಾಧಿ ಎಂದು ಸಾಬೀತು ಮಾಡಲು ಇನ್ನು ಒಂದೇ ಒಂದು ಮಾತು ಬೇಕಿತ್ತು. ನಾನು ಅದುವರೆಗೆ ಯಾವ ಮಾತನ್ನೂ ಬಾಯಲ್ಲಿ ಉಳಿಸಿಕೊಂಡವನಲ್ಲ.

ಬಿರಡೆ ಹಾಕಿದೆ.

"ಎಣ್ಣೆ ಸಾಕಾಗಿತ್ತು ಅತ್ತೆ" ಎಂದೆ. "ನೀವು ಹುಯ್ದಿದ್ದಕ್ಕೇ ಅದು ಕ್ಯಾತನಹಳ್ಳಿ ತನಕವಾದರೂ ಬಂತು. ಕಾರೇ ಕೆಟ್ಟದ್ದು. ಈ ಸೀಮೆ ಕಾರುಗಳನ್ನ ನಂಬೋ ಹಾಗೇ ಇಲ್ಲ. ಭಾವನ ಕಾರಲ್ಲಿ ಕಳಿಸಬೇಕಿತ್ತು, ನಾನು ತಪ್ಪು ಮಾಡಿದೆ."

ಅತ್ತೆಗೆ ನಂಬಿಕೆ ಬರಲಿಲ್ಲ. ಅಳಿಯ ದಾಕ್ಷಿಣ್ಯಕ್ಕೆ ಹೇಳುತ್ತಿದ್ದಾನೆ ಅನಿಸಿರಬೇಕು. ಅವರು ಬಾಗಿಲ ಕಡೆ ತಿರುಗಿದರು. ನಾದಿನಿ ಹೊಸ್ತಿಲಲ್ಲಿ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ದಿನ ಕಾರಿನಲ್ಲಿ ವಾಸನೆ ಹಿಡಿದವಳು ಅವಳೊಬ್ಬಳೇ.

"ಅಂಗಾ ಮಗ?" ಎಂದು ಅತ್ತೆ ಕೇಳಿದರು.

ಅವಳು ಬಂದು ತಾಯಿಯ ಪಕ್ಕದಲ್ಲಿ ಕೂತು, ತಟ್ಟೆಯಿಂದ ಒಂದು ಎಲೆ ತೆಗೆದು, ತೊಟ್ಟು ಮುರಿದು ಸುಣ್ಣ ಹಚ್ಚತೊಡಗಿದಳು.

"ಊಂ ಕಣವ್ವ" ಎಂದಳು. "ಕಾರೇ ಸರಿ ಇರ್ನಿಲ್ಲ."